ಸಿಪಾಯಿಯ ಕೂಸು ಮತ್ತು ಹನ್ನೆರಡೂವರೆ ಶಿಲಿಂಗ್

ಯುದ್ಧದ ಚರಿತ್ರೆ ಎಂದರೆ ನಮಗೆ ಶಾಲೆಯಲ್ಲಿ ಕಲಿಸಿದ್ದು ತೋಪು, ಒಪ್ಪಂದ, ಇಸವಿ. ಸಿಪಾಯಿ ರಣರಂಗಕ್ಕೆ ಹೋದ ಮೇಲೆ ಅವನ ಮನೆಯ ಕೂಸು ಏನು ತಿಂದಿತು ಎಂದು ಯಾವ ಮೇಷ್ಟರೂ ಹೇಳಲಿಲ್ಲ. ನನ್ನಂಥ ಬ್ಯಾಂಕಿನವನಿಗೆ ಆ ಲೆಕ್ಕವೇ ಹೆಚ್ಚು ಕುತೂಹಲ.

ಬ್ರಿಟನ್ನಿನ ಕಥೆ ಕೇಳಿ. 1899ರಲ್ಲಿ ಶುರುವಾದ ಬೋಯರ್ ಯುದ್ಧಕ್ಕೆ ಸೇರಲು ಬಂದ ಬಡ ಯುವಕರಲ್ಲಿ ಬಹಳ ಮಂದಿ ಎತ್ತರ ಸಾಲದೆ, ಎದೆಯಳತೆ ಸಾಲದೆ, ಹಲ್ಲು ಹಾಳಾಗಿ ವಾಪಸಾದರು. ಸರಕಾರ ಗಾಬರಿಯಾಯಿತು. 1904ರ ಸಮಿತಿ ಬೊಟ್ಟು ಮಾಡಿದ್ದು ಬಾಲ್ಯದ ಅರೆಹೊಟ್ಟೆಯತ್ತ, ಕೊಳಕು ವಸತಿಯತ್ತ. 1906ರಲ್ಲಿ ಶಾಲಾಮಕ್ಕಳ ಊಟಕ್ಕೆ ಕಾನೂನು ಬಂತು. ಇನ್ನೂ ಶಾಲೆ ಸೇರದ ಕೂಸುಗಳಿಗೆ? ಅವಕ್ಕೆ ಮನೆಯಲ್ಲಿ ಸಿಕ್ಕಿದ್ದೇ ಗತಿ.

1914ರಲ್ಲಿ ಮಹಾಯುದ್ಧ ಬಂತು. ಸೈನ್ಯಕ್ಕೆ ಹೋದವನ ಹೆಂಡತಿಗೆ ವಾರವಾರ ಭತ್ಯೆ. ಮಕ್ಕಳಿಲ್ಲದ ಸಾಮಾನ್ಯ ಸಿಪಾಯಿಯ ಹೆಂಡತಿಗೆ 12 ಶಿಲಿಂಗ್ 6 ಪೆನ್ಸ್, ಮಕ್ಕಳಿದ್ದರೆ ಇನ್ನೂ ಹೆಚ್ಚು. ಒಂದು ಪಾಲು ಗಂಡನ ಸಂಬಳದ ಕಡಿತ, ಉಳಿದದ್ದು ಸರಕಾರದ್ದು. ಹಣ ಮಾತ್ರ ಸೀದಾ ಅವಳ ಕೈಗೆ!

ಕುಡಿದು ಹಾಳುಮಾಡುತ್ತಾರೆ ಎಂದು ದೊಡ್ಡವರು ಗೊಣಗಿದರು. ಈ ಹೆಂಗಸರ ಮೇಲೆ ಪೊಲೀಸರ ಕಣ್ಣಿಡಿಸಿ, ನಡತೆ ಸರಿಯಿಲ್ಲವೆಂದರೆ ಭತ್ಯೆ ನಿಲ್ಲಿಸುವ ಏರ್ಪಾಟೂ ಆಯಿತು. ಆದರೆ ಲೆಕ್ಕ ಬೇರೆಯೇ ಹೇಳಿತು. ಯುದ್ಧದ ಕೊನೆಯಲ್ಲಿ ಲಂಡನ್ನಿನಲ್ಲಿ ಹೊಸದಾಗಿ ಶಾಲೆ ಸೇರಿದ ಮಕ್ಕಳನ್ನು ಪರೀಕ್ಷಿಸಿದಾಗ, ಸೊರಗಿದವರ ಪ್ರಮಾಣ 1913ರ ಅರ್ಧಕ್ಕಿಂತ ಕಡಿಮೆ! ಅಂದರೆ ಯುದ್ಧದ ವರ್ಷಗಳಲ್ಲಿ ಮನೆಯಲ್ಲೇ ಬೆಳೆದ ಮಕ್ಕಳು ಅವರು. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ 1000 ಜನನಕ್ಕೆ ಶಿಶುಮರಣ 1914ರಲ್ಲಿ 105 ಇದ್ದದ್ದು 1918ರಲ್ಲಿ 97ಕ್ಕೆ ಇಳಿಯಿತು. ಎಲ್ಲ ಭತ್ಯೆಯ ಪುಣ್ಯವೇ ಅಲ್ಲ, ಕಾರ್ಖಾನೆಗಳಲ್ಲಿ ಕೈತುಂಬ ಕೆಲಸವೂ ಇತ್ತು. ಆದರೂ ತಾಯಂದಿರು ಹಣ ಪೋಲು ಮಾಡಲಿಲ್ಲ ಎಂಬುದಂತೂ ಸ್ಪಷ್ಟ.

ಲಿವರ್‌ಪೂಲಿನಲ್ಲಿ ಈ ಭತ್ಯೆಯ ಕೆಲಸ ನೋಡಿಕೊಂಡ ಎಲೀನರ್ ರಾತ್‌ಬೋನ್ ಇದನ್ನು ಮರೆಯಲಿಲ್ಲ. 1945ರ ಕುಟುಂಬ ಭತ್ಯೆ ಮಸೂದೆಯಲ್ಲಿ ಹಣ ತಂದೆಗೆ ಎಂದಿತ್ತು. ಆಕೆ ಪಟ್ಟು ಹಿಡಿದು ತಾಯಿಗೆ ಎಂದು ಬದಲಾಯಿಸಿದರು. ಎರಡನೇ ಮಗುವಿನಿಂದ ತಲಾ ವಾರಕ್ಕೆ 5 ಶಿಲಿಂಗ್. ಮೊದಲ ಕಂತು 1946ರ ಆಗಸ್ಟಿನಲ್ಲಿ ಬಂತು. ಆಕೆ ಜನವರಿಯಲ್ಲೇ ತೀರಿಕೊಂಡಿದ್ದರು.

ನಮ್ಮ ಕರ್ನಾಟಕದಲ್ಲಿ 2023ರಲ್ಲಿ ಗೃಹಲಕ್ಷ್ಮಿ ಬಂದು ಮನೆಯೊಡತಿಯ ಖಾತೆಗೆ 2000 ರೂಪಾಯಿ ಬೀಳತೊಡಗಿದಾಗಲೂ, ಇಲ್ಲಿ ಪುಣೆಯ ನಮ್ಮ ಕನ್ನಡ ಗೆಳೆಯರಲ್ಲೇ ಅದೇ ಹಳೆಯ ಗೊಣಗಾಟ ಕೇಳಿದೆ. ಖಜಾನೆಗೆ ತಾಳುತ್ತದೋ ಇಲ್ಲವೋ ಎಂಬ ಚರ್ಚೆ ಇರಲಿ, ಅದು ಬೇಕಾದದ್ದೇ. ಆದರೆ ಹೆಂಗಸರು ದುಂದು ಮಾಡುತ್ತಾರೆ ಎನ್ನುವವರು ಮೊದಲು ಆ ಸಿಪಾಯಿಗಳ ಕೂಸುಗಳ ಲೆಕ್ಕ ನೋಡಲಿ. ಏನಂತೀರಿ?