ಗೌಡೇಯಾಮುಸ್: ಬಾಲ್ಟಿಕ್ ವಿಶ್ವವಿದ್ಯಾಲಯಗಳ ಮೇಳಗಾನೋತ್ಸವ

ಬಾಲ್ಟಿಕ್ ಸಮುದ್ರದ ಪೂರ್ವ ತೀರದ ಎಸ್ಟೋನಿಯಾ, ಲಾಟ್ವಿಯಾ ಮತ್ತು ಲಿಥುವೇನಿಯಾಗಳು ಸೋವಿಯತ್ ಒಕ್ಕೂಟದಿಂದ ಬಿಡುಗಡೆ ಪಡೆದ 1988–1991ರ ಅವಧಿಯನ್ನು ‘ಹಾಡುವ ಕ್ರಾಂತಿ’ ಎಂದು ಕರೆಯುವುದು ರೂಢಿಯಾಗಿದೆ. ಎಸ್ಟೋನಿಯಾದ ಕಲಾವಿದ ಹೈಂಜ್ ವಾಲ್ಕ್ 1988ರಲ್ಲಿ ಬಳಕೆಗೆ ತಂದ ಈ ಹೆಸರು ಆಕರ್ಷಕವಾದುದೇ. ಆದರೆ ಜನಸ್ತೋಮವೊಂದು ಒಂದು ಬೇಸಿಗೆಯಲ್ಲಿ ಇದ್ದಕ್ಕಿದ್ದಂತೆ ಹಾಡತೊಡಗಿತೆಂಬ ಭ್ರಮೆಯನ್ನೂ ಅದು ಹುಟ್ಟಿಸುತ್ತದೆ. ಸಾವಿರಾರು ಕಂಠಗಳು ನಾಲ್ಕು ಸ್ವರಧಾರೆಗಳಾಗಿ ಒಡೆದು, ಮತ್ತೆ ಒಂದಾಗುವುದು ಕೇವಲ ಆವೇಶದಿಂದ ಸಾಧ್ಯವಾಗುವ ಸಂಗತಿಯಲ್ಲ. ಅದರ ಹಿಂದೆ ದಶಕಗಳ ಅಭ್ಯಾಸವಿರಬೇಕು. ಅಂಥ ಅಭ್ಯಾಸದ ನೆಲೆಗಳಲ್ಲಿ 1956ರಲ್ಲಿ ಎಸ್ಟೋನಿಯಾದ ಟಾರ್ಟು ನಗರದಲ್ಲಿ ಆರಂಭಗೊಂಡ ‘ಗೌಡೇಯಾಮುಸ್’ ಎಂಬ ವಿಶ್ವವಿದ್ಯಾಲಯ ಗಾಯನವೃಂದಗಳ ಉತ್ಸವವೂ ಒಂದು.

ಈ ನಾಡುಗಳ ಮೇಳಗಾನ ಮೂಲತಃ ದೇಸಿಯಲ್ಲವೆಂಬುದನ್ನು ಮೊದಲಿಗೇ ಗಮನಿಸಬೇಕು. ಎಸ್ಟೋನಿಯಾದ ಪ್ರಾಚೀನ ‘ರೇಗಿಲೌಲ್’ ಪದ್ಧತಿಯಲ್ಲಿ ಒಬ್ಬಾಕೆ ಸೊಲ್ಲೆತ್ತಿದರೆ ಉಳಿದವರು ಅದನ್ನೇ ಎತ್ತಿಕೊಂಡು ಮರುನುಡಿಯುತ್ತಾರೆ. ನಮ್ಮ ಜನಪದ ಗಾಯನದ ಹಿಮ್ಮೇಳವನ್ನು ಬಲ್ಲವರಿಗೆ ಇದು ಅಪರಿಚಿತವೆನಿಸದು. ನಾಲ್ಕು ಧಾರೆಗಳ ಮೇಳಗಾನವಾದರೋ ಲೂಥರನ್ ಚರ್ಚು ಮತ್ತು ಜರ್ಮನ್ ಗಾಯನಸಂಘಗಳ ಕೊಡುಗೆ. ಜರ್ಮನ್ ಭೂಮಾಲೀಕರ ಅಧೀನದಲ್ಲಿದ್ದ ರೈತಾಪಿ ಜನ ತಮ್ಮ ಒಡೆಯರ ಕಲಾರೂಪವನ್ನೇ ಎರವಲು ಪಡೆದು ಅದರಲ್ಲಿ ತಮ್ಮ ನುಡಿಯನ್ನು ತುಂಬಿದರು. ಜೀತವಿಮೋಚನೆಯ ಐವತ್ತನೆಯ ವರ್ಷದ ನೆನಪಿಗಾಗಿ 1869ರಲ್ಲಿ ಟಾರ್ಟುವಿನಲ್ಲಿ ಮೊದಲ ಎಸ್ಟೋನಿಯನ್ ಗೀತೋತ್ಸವ ನಡೆಯಿತು. ಪತ್ರಕರ್ತ ಯೋಹಾನ್ ವೋಲ್ಡೆಮಾರ್ ಯಾನ್ಸೆನ್ ಅದರ ಸಂಘಟಕ, ಹಾಡಿದವರೆಲ್ಲ ಗಂಡಸರೇ. ಲಾಟ್ವಿಯಾದಲ್ಲಿ ಇಂಥ ಉತ್ಸವ 1873ರಲ್ಲಿ ಮೊದಲಾಯಿತು. ಲಿಥುವೇನಿಯಾ ಮಾತ್ರ 1924ರವರೆಗೆ ಕಾಯಬೇಕಾಯಿತು. 1864ರಿಂದ 1904ರವರೆಗೆ ಲಿಥುವೇನಿಯನ್ ನುಡಿಯನ್ನು ಲ್ಯಾಟಿನ್ ಲಿಪಿಯಲ್ಲಿ ಅಚ್ಚು ಹಾಕುವುದನ್ನೇ ತ್ಸಾರ್ ಪ್ರಭುತ್ವ ನಿಷೇಧಿಸಿದ್ದುದನ್ನು ನೆನೆದರೆ ಈ ವಿಳಂಬದ ಹಿನ್ನೆಲೆ ತಿಳಿಯುತ್ತದೆ.

ವಿದ್ಯಾರ್ಥಿಗಳ ಪಾತ್ರವನ್ನು ಇಲ್ಲಿ ಪ್ರತ್ಯೇಕವಾಗಿ ಹೇಳಬೇಕು. ಟಾರ್ಟು ವಿಶ್ವವಿದ್ಯಾಲಯ 1632ರಷ್ಟು ಹಳೆಯದಾದರೂ ಎಸ್ಟೋನಿಯನ್ ಭಾಷೆ ಅಲ್ಲಿ ಬೋಧನಾ ಮಾಧ್ಯಮವಾದದ್ದು 1919ರಲ್ಲಿ. ಅದಕ್ಕೂ ಬಹಳ ಮುಂಚೆಯೇ ಅಲ್ಲಿನ ಎಸ್ಟೋನಿಯನ್ ವಿದ್ಯಾರ್ಥಿ ಸಂಘ ನೀಲಿ, ಕಪ್ಪು, ಬಿಳಿ ಬಣ್ಣಗಳ ಬಾವುಟವೊಂದನ್ನು ಮಾಡಿಕೊಂಡು 1884ರಲ್ಲಿ ಓಟೆಪಾ ಎಂಬ ಊರಿನಲ್ಲಿ ಪವಿತ್ರೀಕರಿಸಿತ್ತು. ಮುಂದೆ ದೇಶದ ರಾಷ್ಟ್ರಧ್ವಜವಾದದ್ದು ಅದೇ ಬಾವುಟ. ಟಾರ್ಟುವಿನ ವಿಶ್ವವಿದ್ಯಾಲಯ ಪುರುಷರ ಗಾಯನವೃಂದ 1912ರಲ್ಲಿ ಹುಟ್ಟಿತು. 1940ರಲ್ಲಿ ಸೋವಿಯತ್ ಆಳ್ವಿಕೆ ಬಂದೊಡನೆ ವಿದ್ಯಾರ್ಥಿ ಸಂಘಗಳು ವಿಸರ್ಜಿತವಾದವು, ಬಾವುಟ ಅಪರಾಧವಾಯಿತು; ಗಾಯನವೃಂದಗಳಿಗೆ ಮಾತ್ರ ಅವಕಾಶ ಉಳಿಯಿತು.

ಈ ಅವಕಾಶವನ್ನು ಔದಾರ್ಯವೆಂದು ತಿಳಿಯಬೇಕಾಗಿಲ್ಲ. ಗೀತೋತ್ಸವಗಳನ್ನು ತನ್ನ ಪ್ರಚಾರದ ವೇದಿಕೆಯಾಗಿಸಿಕೊಳ್ಳಬಹುದೆಂದು ಪ್ರಭುತ್ವ ಎಣಿಸಿತ್ತು. ಪಕ್ಷವನ್ನೂ ನಾಯಕರನ್ನೂ ಹೊಗಳುವ ಗೀತೆಗಳು ಕಡ್ಡಾಯವಾದವು. 1947ರ ಟಾಲಿನ್ ಗೀತೋತ್ಸವವನ್ನು ನಿರ್ದೇಶಿಸಿದ್ದ ಆಲ್ಫ್ರೆಡ್ ಕಾರಿಂಡಿ, ರಿಹೋ ಪಾಟ್ಸ್, ಟೂಡುರ್ ವೆಟ್ಟಿಕ್ ಎಂಬ ಸಂಗೀತಗಾರರು 1950ರಲ್ಲಿ ಬಂಧಿತರಾದರು. ಅದಕ್ಕೆ ಒಂದು ವರ್ಷ ಮೊದಲು, 1949ರ ಮಾರ್ಚಿನಲ್ಲಿ, ಮೂರೂ ದೇಶಗಳಿಂದ ತೊಂಬತ್ತು ಸಾವಿರದಷ್ಟು ಜನರನ್ನು ಸೈಬೀರಿಯಾದತ್ತ ಸಾಗಿಸಲಾಗಿತ್ತು.

1956ರ ಫೆಬ್ರವರಿಯಲ್ಲಿ ಕ್ರುಶ್ಚೇವ್ ಸ್ಟಾಲಿನ್ನನ ಅತ್ಯಾಚಾರಗಳನ್ನು ಖಂಡಿಸಿ ಮಾತನಾಡಿದ ಮೇಲೆ ಬಿಗಿ ತುಸು ಸಡಿಲಿತು. ಅದೇ ವರ್ಷ ಟಾರ್ಟುವಿನ ಗಾಯನ ನಿರ್ದೇಶಕ ರಿಚರ್ಡ್ ರಿಟ್ಸಿಂಗ್ ಅವರ ಮುಂದಾಳುತನದಲ್ಲಿ ಬಾಲ್ಟಿಕ್ ವಿದ್ಯಾರ್ಥಿಗಳ ಮೊದಲ ಸಮ್ಮಿಲನ ಏರ್ಪಟ್ಟಿತು. ಅದಕ್ಕೆ ಇಟ್ಟ ಹೆಸರಿನಲ್ಲೇ ಜಾಣತನವಿದೆ. ‘ಗೌಡೇಯಾಮುಸ್’ ಎಂದರೆ ಲ್ಯಾಟಿನ್ ಭಾಷೆಯಲ್ಲಿ ‘ಆನಂದಿಸೋಣ’ ಎಂದರ್ಥ. ಯೂರೋಪಿನ ವಿದ್ಯಾರ್ಥಿಗಳು ಶತಮಾನಗಳಿಂದ ಹಾಡುತ್ತ ಬಂದ ಗೀತೆಯ ಮೊದಲ ಪದವದು. ಈ ಹೆಸರು ರಷ್ಯನ್ನೂ ಅಲ್ಲ, ಮೂರು ದೇಶಭಾಷೆಗಳಲ್ಲಿ ಯಾವುದೊಂದೂ ಅಲ್ಲ. ಹೀಗಾಗಿ ಆಕ್ಷೇಪಕ್ಕೆ ಎಡೆಗೊಡದೆಯೇ ಅದು ಈ ವಿಶ್ವವಿದ್ಯಾಲಯಗಳನ್ನು ಅವುಗಳ ಸೋವಿಯತ್‌ಪೂರ್ವ ಚರಿತ್ರೆಗೆ ಜೋಡಿಸಿತು.

ಭಾಷೆಯ ಪ್ರಶ್ನೆಯೇ ಈ ಉತ್ಸವದ ತಿರುಳು. ಲಾಟ್ವಿಯನ್ ಮತ್ತು ಲಿಥುವೇನಿಯನ್ ಸೋದರಭಾಷೆಗಳು. ಲಿಥುವೇನಿಯನ್ನಿನಲ್ಲಿ ಬೆಂಕಿಗೆ ‘ಉಗ್ನಿಸ್’, ಮಗನಿಗೆ ‘ಸೂನುಸ್’ ಎನ್ನುತ್ತಾರೆ. ಸಂಸ್ಕೃತದ ಅಗ್ನಿ, ಸೂನುಗಳನ್ನು ಇಲ್ಲಿ ಯಾರಾದರೂ ಗುರುತಿಸಬಲ್ಲರು. ಎಸ್ಟೋನಿಯನ್ನಿನ ಕುಲ ಬೇರೆ, ಅದು ಫಿನ್ನಿಶ್ ಭಾಷೆಯ ಬಂಧು. ಹ್ರಸ್ವ, ದೀರ್ಘಗಳಲ್ಲದೆ ನಮ್ಮ ವೈಯಾಕರಣರ ಪ್ಲುತವನ್ನು ನೆನಪಿಸುವ ಮೂರನೆಯದೊಂದು ಪರಿಮಾಣವೂ ಅದರಲ್ಲಿದ್ದು, ಅರ್ಥಭೇದವೇ ಅದನ್ನು ಅವಲಂಬಿಸಿರುತ್ತದೆ. ಸೋವಿಯತ್ ವ್ಯವಸ್ಥೆಯಲ್ಲಿ ಈ ಮೂರು ಜನಾಂಗಗಳ ನಡುವಣ ವ್ಯವಹಾರ ರಷ್ಯನ್ನಿನ ಮೂಲಕವೇ ನಡೆಯಬೇಕಿತ್ತು. ಆದರೆ ನೆರೆಯವರ ಹಾಡನ್ನು ಅವರೊಡನೆ ನಿಂತು ಹಾಡಲು ಅನುವಾದ ಸಾಲದು. ರೀಗಾದ ವಿದ್ಯಾರ್ಥಿನಿ ಎಸ್ಟೋನಿಯನ್ ಸ್ವರದ ಎಳೆತವನ್ನು ಬಾಯಿಗೆ ತಂದುಕೊಳ್ಳಲೇಬೇಕು. ಊರಿನಲ್ಲಿ ಪ್ರತ್ಯೇಕವಾಗಿ ಕಲಿತುಬಂದ ಪಾಠಗಳನ್ನು ಒಟ್ಟುಗೂಡಿಸುವ ಸಂಯುಕ್ತ ತಾಲೀಮು ಇಂಥ ಉತ್ಸವಗಳಲ್ಲಿ ಬಯಲು ಕಛೇರಿಯಷ್ಟೇ ಮುಖ್ಯವಾದುದು. ‘ಜನಾಂಗಗಳ ಮೈತ್ರಿ’ ಎಂಬ ಅಧಿಕೃತ ಘೋಷಣೆ ಇಲ್ಲಿ ಅಕ್ಷರಶಃ ನಿಜವಾಯಿತು, ಘೋಷಣೆ ಮಾಡಿದವರು ಬಯಸಿದ ರೀತಿಯಲ್ಲಿ ಅಲ್ಲ ಎಂಬುದಷ್ಟೇ ವ್ಯತ್ಯಾಸ.

ಇದನ್ನು ಶುದ್ಧ ಪ್ರತಿರೋಧವೆಂದು ವರ್ಣಿಸುವುದೂ ಸರಿಯಾಗದು. ಹಾಡಿದವರು ಕಡ್ಡಾಯದ ಗೀತೆಗಳನ್ನೂ ಹಾಡಿದರು. ಅದು ಸಲ್ಲಿಸಲೇಬೇಕಾದ ಸುಂಕವಾಗಿತ್ತು. 1960ರ ಟಾಲಿನ್ ಗೀತೋತ್ಸವದಲ್ಲಿ ಲಿಡಿಯಾ ಕೊಯಿಡುಲಾ ಅವರ ನಾಡಗೀತೆಯೊಂದು ಕಾರ್ಯಕ್ರಮ ಪಟ್ಟಿಯಲ್ಲಿ ಇಲ್ಲದಿದ್ದರೂ ಜನರ ಬಾಯಿಂದ ತಾನಾಗಿ ಹೊಮ್ಮಿತು. ಗುಸ್ಟಾವ್ ಎರ್ನೆಸಾಕ್ಸ್ ಸಂಯೋಜಿಸಿದ ಆ ಗೀತೆ ಸೋವಿಯತ್ ವೇದಿಕೆಯ ಮೇಲೆಯೇ, 1947ರಲ್ಲಿ, ಜನಪ್ರಿಯವಾಗಿತ್ತೆಂಬುದು ಈ ಚರಿತ್ರೆಯ ಸಂಕೀರ್ಣತೆಗೆ ನಿದರ್ಶನ.

1988ರ ಬೇಸಿಗೆಯಲ್ಲಿ ಗೌಡೇಯಾಮುಸ್ ಲಿಥುವೇನಿಯಾದ ವಿಲ್ನಿಯಸ್‌ನಲ್ಲಿ ಸೇರಿದಾಗ, ದಶಕಗಳ ಕಾಲ ಮನೆಗಳಲ್ಲಿ ಬಚ್ಚಿಡಬೇಕಾಗಿದ್ದ ಧ್ವಜಗಳು ಗಾಯಕರ ನಡುವೆ ಬಹಿರಂಗವಾಗಿ ಹಾರಿದವು. ಟಾರ್ಟುವಿನ ವಿದ್ಯಾರ್ಥಿಗಳ ಪಾಲಿಗೆ ಆ ನೀಲಿ, ಕಪ್ಪು, ಬಿಳಿಯ ಬಾವುಟ ರಾಷ್ಟ್ರದ್ದಷ್ಟೇ ಅಲ್ಲ, 1884ರ ತಮ್ಮ ಹಿರಿಯರದೂ ಆಗಿತ್ತು. ಮರುವರ್ಷದ ಆಗಸ್ಟ್ 23ರಂದು ಟಾಲಿನ್‌ನಿಂದ ವಿಲ್ನಿಯಸ್‌ವರೆಗೆ, ಆರುನೂರು ಕಿಲೋಮೀಟರಿಗೂ ಮಿಕ್ಕಿದ ದಾರಿಯುದ್ದಕ್ಕೂ ಜನ ಕೈಕೈ ಹಿಡಿದು ನಿಂತರು.

ಮೂರು ದೇಶಗಳ ಗೀತೋತ್ಸವ ಪರಂಪರೆಯನ್ನು ಯುನೆಸ್ಕೊ 2003ರಲ್ಲಿ ಮನ್ನಿಸಿ, 2008ರಲ್ಲಿ ಮಾನವಕುಲದ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿತು. ಗೌಡೇಯಾಮುಸ್ ಸ್ವಾತಂತ್ರ್ಯಾನಂತರವೂ ಸರದಿಯಂತೆ ಮುಂದುವರಿದು, ಮೂರೂ ಗಣರಾಜ್ಯಗಳ ಶತಮಾನೋತ್ಸವದ ವರ್ಷವಾದ 2018ರಲ್ಲಿ ಮತ್ತೆ ಟಾರ್ಟುವಿಗೆ ಬಂದಿತು. ಆ ಹೊತ್ತಿಗೆ ಅಲ್ಲಿ ಹಾಡಿದ ವಿದ್ಯಾರ್ಥಿಗಳಲ್ಲಿ ಬಹುಪಾಲು 1991ರ ನಂತರ ಹುಟ್ಟಿದವರಾಗಿದ್ದರು.