ಮಾತಾಡದ ಪಾತ್ರ: ಜಡಭರತನಿಂದ ಈಚೆಗೆ

ಸಾಗರ, ಹೊಸನಗರ, ತೀರ್ಥಹಳ್ಳಿಗಳ ಸೀಮೆಯಲ್ಲಿ ಪುರಾಣಕಥೆಯು ಜನರಿಗೆ ದೊರೆತುದು ಗ್ರಂಥಗಳಿಂದ ಮಾತ್ರವಲ್ಲ, ಯಕ್ಷಗಾನ ತಾಳಮದ್ದಲೆಗಳಿಂದಲೂ ಹೌದು. ತಾಳಮದ್ದಲೆಯಲ್ಲಿ ವೇಷವಿಲ್ಲ, ಕುಣಿತವಿಲ್ಲ; ಅರ್ಥಧಾರಿಯ ಮಾತೇ ಪಾತ್ರದ ಶರೀರ. ಮಾತಾಡದವನಿಗೆ ಅಲ್ಲಿ ಸ್ಥಳವೆಲ್ಲಿ? ಈ ಪ್ರಶ್ನೆ ಅಲ್ಪವೆಂದು ತೋರಬಹುದು. ಆದರೆ ಆಟಿಸಂ ಉಳ್ಳ, ಬಹುಮಟ್ಟಿಗೆ ಮಾತಿಲ್ಲದ ವ್ಯಕ್ತಿಯನ್ನು ಅದ್ಭುತಕಥೆಯಲ್ಲಿ ಯಥಾರ್ಥವಾಗಿ ಚಿತ್ರಿಸಬಯಸುವ ಲೇಖಕನ ತೊಡಕೂ ಇದೇ.

ಇಂಥ ಪಾತ್ರಕ್ಕೆ ನಮ್ಮಲ್ಲಿರುವ ಹಳೆಯ ನಿದರ್ಶನ ಭಾಗವತದ ಪಂಚಮಸ್ಕಂಧದ ಜಡಭರತ. ಅಣ್ಣಂದಿರು ಅವನನ್ನು ಹೆಡ್ಡನೆಂದೆಣಿಸಿ ಹೊಲ ಕಾಯಲು ಇಟ್ಟರು. ರಹೂಗಣರಾಜನ ಪಲ್ಲಕ್ಕಿ ಹೊರಲು ಅವನನ್ನು ಹಿಡಿದುತಂದಾಗ, ಹುಳುಹುಪ್ಪಟೆಗಳು ಕಾಲಿಗೆ ಸಿಕ್ಕಿ ಸಾಯಬಾರದೆಂದು ಒಂದು ಬಾಣದಷ್ಟು ದೂರ ನೆಲವನ್ನು ನೋಡಿ ನೋಡಿ ಹೆಜ್ಜೆಯಿಟ್ಟನು. ಉಳಿದವರ ನಡೆಗೆ ಅವನ ನಡೆ ಹೊಂದದೆ ಪಲ್ಲಕ್ಕಿ ಕುಲುಕಿತು, ರಾಜನು ಹಂಗಿಸಿದನು. ಹೊರಗಿನ ಕಣ್ಣಿಗೆ ಅಡ್ಡಾದಿಡ್ಡಿಯಾದ ಆ ನಡೆಗೆ ಒಳಗೊಂದು ನಿಯಮವಿದ್ದಿತು. ಮಾತಿಲ್ಲದವನನ್ನು ಬರೆಯುವ ಬಗೆಯೆಲ್ಲವೂ, ನನ್ನ ಮಟ್ಟಿಗೆ, ಈ ಒಂದು ಸಂಗತಿಯಲ್ಲಿ ಅಡಗಿದೆ.

ಮುಂದೆ ಕಥೆ ಬೇರೆ ದಾರಿ ಹಿಡಿಯುತ್ತದೆ. ಭರತನು ಬಾಯ್ದೆರೆದು ತತ್ತ್ವವನ್ನು ಬೋಧಿಸುವನು. ಜಡತ್ವವು ವೇಷವೆಂದು ತಿಳಿದುಬರುವುದು. ಪುರಾಣದ ಉದ್ದೇಶಕ್ಕೆ ಇದು ಸಲ್ಲುವುದೇ. ಆದರೆ ಮೂಕನೆಂದರೆ ಗುಪ್ತಜ್ಞಾನಿ, ಇಲ್ಲವೆ ಶಾಪಗ್ರಸ್ತ ಎಂಬ ರೂಢಿಯನ್ನು ಇಂಥ ಕಥೆಗಳು ಬಲಪಡಿಸಿವೆ. ಎರಡರಲ್ಲಿಯೂ ಕಥೆ ಮುಗಿಯುವ ಮೊದಲು ನಾಲಗೆ ಬರಲೇಬೇಕು. ಕಡೆಯವರೆಗೂ ಮಾತು ಬಾರದವನ ಬಾಳು ಕಥೆಗೆ ಸಾಲದೇ?

ತೀರ್ಥಹಳ್ಳಿ ತಾಲ್ಲೂಕಿನ ಕುಪ್ಪಳಿಯಲ್ಲಿ ಬೆಳೆದ ಕುವೆಂಪು ಅವರು ‘ಶ್ರೀ ರಾಮಾಯಣ ದರ್ಶನಂ’ (1949) ಕಾವ್ಯದಲ್ಲಿ, ಲೋಕವು ಹಳಿದ ಮಂಥರೆಯೊಳಗೆ ಭರತನ ಮೇಲಣ ಮಮತೆಯನ್ನು ಕಂಡರು. ಮಂಥರೆ ಮೂಕಳಲ್ಲ, ನಿಜ. ಆದರೂ ಕುರೂಪದ ಹೊರಮೈಯಿಂದ ಒಳಮನಸ್ಸನ್ನು ಅಳೆಯಬಾರದೆಂಬ ದೃಷ್ಟಿ ಅಲ್ಲಿದೆ. ಅದಕ್ಕೆ ಕೆಲವು ವರ್ಷಗಳ ಹಿಂದೆ, 1943ರಲ್ಲಿ, ಅಮೆರಿಕದಲ್ಲಿ ಲಿಯೋ ಕ್ಯಾನರ್ ಎಂಬ ವೈದ್ಯರು 11 ಮಕ್ಕಳ ವೃತ್ತಾಂತವನ್ನು ಪ್ರಕಟಿಸಿದ್ದರು. ಅವರಲ್ಲಿ 3 ಮಕ್ಕಳು ಮಾತಾಡುತ್ತಿರಲಿಲ್ಲ. ಆದರೆ ಅದೂ ಹೊರಗಿನಿಂದ ಕಂಡ ನೋಟವೇ.

ಒಳಗಿನ ಸಾಕ್ಷ್ಯವು ನಮ್ಮ ನಾಡಿನಿಂದಲೇ ಬಂದಿತು. ಮೈಸೂರು, ಬೆಂಗಳೂರುಗಳಲ್ಲಿ ಬಾಲ್ಯವನ್ನು ಕಳೆದ, ಬಹುಮಟ್ಟಿಗೆ ಮಾತಿಲ್ಲದ ಟಿಟೊ ರಾಜರ್ಷಿ ಮುಖೋಪಾಧ್ಯಾಯರು 8ರಿಂದ 11ನೆಯ ವಯಸ್ಸಿನೊಳಗೆ ಬರೆದ ಬರಹಗಳು ‘ಬಿಯಾಂಡ್ ದ ಸೈಲೆನ್ಸ್’ ಎಂಬ ಹೆಸರಿನಲ್ಲಿ 2000ದಲ್ಲಿ ಲಂಡನ್ನಿನಲ್ಲಿ ಅಚ್ಚಾದವು. ಅದರಲ್ಲಿ ಒಂದು ಆಲದಮರದ ಕಥೆಯುಂಟು. ಮರಕ್ಕೆ ಮನಸ್ಸು ದತ್ತವಾಗಿದೆ, ಮಾತಿಲ್ಲ. ಬಿಸಿಲಿನ ಕಾವಿನಿಂದ ಅದು ಹಗಲನ್ನು ಅರಿಯಬೇಕು. ಮಾತಿಲ್ಲದ ಬಾಲಕನು ಅದ್ಭುತಕಥೆಯನ್ನು ಆರಿಸಿಕೊಂಡನು, ಆದರೆ ಮರವನ್ನು ಗುಪ್ತಋಷಿಯನ್ನಾಗಿ ಮಾಡಲಿಲ್ಲವೆಂಬುದನ್ನು ವಿದ್ಯಾರ್ಥಿಗಳು ಗಮನಿಸತಕ್ಕದ್ದು.

ಇನ್ನು ತಾಳಮದ್ದಲೆಯ ಮಾತಿಗೆ ಮರಳುವುದಾದರೆ, ಜಡಭರತನನ್ನು ಕೊನೆಯವರೆಗೆ ಮೌನಿಯಾಗಿಯೇ ಉಳಿಸುವ ಪ್ರಸಂಗವೊಂದನ್ನು ಕಲ್ಪಿಸಬಹುದು. ಭಾರವೆಲ್ಲವೂ ಆಗ ರಹೂಗಣನ ಅರ್ಥಧಾರಿಯ ಮೇಲೆ ಬೀಳುವುದು. ತನ್ನ ಪಲ್ಲಕ್ಕಿ ಏಕೆ ಕುಲುಕುತ್ತಿದೆಯೆಂಬುದನ್ನು, ಯಾರೂ ಹೇಳಿಕೊಡದೆ, ಕೆಳಗಿಳಿದು ನೆಲವನ್ನು ನೋಡಿ ಅವನೇ ಕಂಡುಕೊಳ್ಳಬೇಕಾಗುವುದು.