ಕೆರೆಯ ಹೂಳು, ಊರಿನ ಹೊಣೆ

ರಾತ್ರಿಯಿಡೀ ಸುರಿದ ಹಿಮವನ್ನು ಬೆಳಗ್ಗೆ ಎದ್ದು ತಮ್ಮ ಮನೆಯ ಮುಂದಣ ಕಾಲುದಾರಿಯಿಂದ ತೆಗೆದುಹಾಕುವುದು ಆಯಾ ಗೃಹಸ್ಥರ ಹೊಣೆಯೆಂದು ಉತ್ತರ ಅಮೆರಿಕದ ಅನೇಕ ನಗರಗಳು ಕಟ್ಟಳೆ ಮಾಡಿರುವುದನ್ನೂ, ಅಶಕ್ತರಾದ ವೃದ್ಧರ ಅಂಗಳಗಳಲ್ಲಿ ಆ ಕೆಲಸವನ್ನು ನೆರೆಹೊರೆಯ ತರುಣರು ತಾವಾಗಿ ಬಂದು ಮಾಡಿಕೊಡುವುದನ್ನೂ, ಅಲ್ಲಿ ನೆಲಸಿರುವ ನಮ್ಮವರು ಊರಿಗೆ ಬಂದಾಗ ಕೌತುಕದಿಂದ ವರ್ಣಿಸುವುದುಂಟು. ತುಮಕೂರು, ಗುಬ್ಬಿ, ಕುಣಿಗಲ್ಲುಗಳ ಸೀಮೆಯಲ್ಲಿ ವರ್ಷವರ್ಷವೂ ತಾನಾಗಿ ಬಂದು ಕೂರುವ ಹೊರೆ ಬೇರೆಯದು. ಅದು ಕೆರೆಯ ಹೂಳು. ಹಿಮವಾದರೋ ಬಿಸಿಲೇರಿದರೆ ಕರಗೀತು, ಹೂಳನ್ನು ಹೊತ್ತುಹಾಕುವುದರ ವಿನಾ ಗತಿಯಿಲ್ಲ.

ದೇವರಾಯನದುರ್ಗದ ಬೆಟ್ಟಗಳಲ್ಲಿ ಜನಿಸಿ, ಗುಬ್ಬಿ ತಾಲ್ಲೂಕಿನ ಕಡಬದಲ್ಲಿ ಕೆರೆಯಾಗಿ ತಂಗಿ, ಮುಂದೆ ಕುಣಿಗಲ್ ಸೀಮೆಯ ಮಾರ್ಕೋನಹಳ್ಳಿಯ ಜಲಾಶಯವನ್ನು ತುಂಬುವ ಶಿಂಷೆಯು ವರ್ಷವಿಡೀ ಮೈದುಂಬಿ ಹರಿಯುವ ನದಿಯಲ್ಲ. ಮಳೆ ಬಂದ ನಾಲ್ಕು ದಿನ ಕೆಂಪಗೆ ಉಕ್ಕಿ, ಬೆಟ್ಟದ ತಪ್ಪಲಿನ ಮಣ್ಣನ್ನೆಲ್ಲ ಬಾಚಿಕೊಂಡು ಬರುವ ಇಂಥ ಹಳ್ಳಕೊಳ್ಳಗಳಿಗೆ ಅಡ್ಡವಾಗಿ ಒಂದರ ಕೆಳಗೊಂದರಂತೆ ಏರಿಗಳನ್ನು ಕಟ್ಟಿ ಬಾಳಿದವರು ಈ ನಾಡಿನ ಪೂರ್ವಿಕರು. ಮೈಸೂರಿನ ಮುಖ್ಯ ಎಂಜಿನಿಯರರಾಗಿದ್ದ ಸ್ಯಾಂಕಿಯವರು 1866ರಲ್ಲಿ ಸಂಸ್ಥಾನದ ಕೆರೆಗಳನ್ನು ಪರಿಶೀಲಿಸಿ, ಸಂಸ್ಥಾನದ ನೆಲದ ಹೆಚ್ಚುಕಡಿಮೆ ಶೇಕಡ 60 ಭಾಗ ಕೆರೆಗಳ ವ್ಯವಸ್ಥೆಗೆ ಒಳಪಟ್ಟಿರುವುದರಿಂದ ಹೊಸ ಕೆರೆಗೆ ತಕ್ಕ ಸ್ಥಳವನ್ನು ಹುಡುಕುವುದಕ್ಕೇ ಜಾಣತನ ಬೇಕಾದೀತೆಂದು ವಿಸ್ಮಯಪಟ್ಟರು. ಕಡಬದ ಕೆರೆಯನ್ನಂತೂ ಜನ ಶ್ರೀರಾಮನ ಹೆಸರಿಗೇ ಸೇರಿಸಿದ್ದಾರೆ. ಕುಣಿಗಲ್ ಕೆರೆಯ ಸೊಬಗನ್ನು ಹಾಡುವ ಜನಪದ ಗೀತೆಯನ್ನು ಕೇಳದ ಕನ್ನಡಿಗರು ವಿರಳ. ಕಟ್ಟಿಸಿದವರ ಕೀರ್ತಿಗೂ ತುಂಬಿದ ನೀರಿನ ಚೆಲುವಿಗೂ ಹೀಗೆ ಕಥೆಯೂ ಹಾಡೂ ದೊರೆತುವು. ತಳದ ಮಣ್ಣನ್ನು ಹೊತ್ತವರಾರೆಂದು ಕೇಳಿದವರು ಕಡಿಮೆ.

ಶಾಸನಗಳು ಮಾತ್ರ ಈ ವಿಷಯದಲ್ಲಿ ಮೌನವಾಗಿಲ್ಲ. ಕೆರೆಯನ್ನು ಕಟ್ಟಿದವನಿಗೂ ಕಾಯ್ದುಕೊಂಡವನಿಗೂ ಸಲ್ಲುತ್ತಿದ್ದ ಬಿತ್ತುವಟ್ಟ, ದಶವಂದ, ಕಟ್ಟುಕೊಡಗೆ ಎಂಬ ದತ್ತಿಗಳ ಜೊತೆಗೆ, ಕೆರೆಯ ಬಂಡಿಯನ್ನು ನಡೆಸುವುದಕ್ಕೆಂದೇ ಬಿಟ್ಟ ಭೂಮಿಯ ಉಲ್ಲೇಖಗಳು ಕನ್ನಡನಾಡಿನ ಶಿಲಾಶಾಸನಗಳಲ್ಲಿ ದೊರೆಯುತ್ತವೆ. ಕೋಣಗಳನ್ನು ಹೂಡಿದ ಆ ಬಂಡಿ ಹೂಳನ್ನು ಹೇರಿಕೊಂಡು ಹೋಗಿ ಏರಿಯನ್ನು ಬಲಪಡಿಸುತ್ತಿತ್ತು. ಕಡಪಾ ಸೀಮೆಯ ಪೋರುಮಾಮಿಳ್ಳದ 1369ರ ಶಾಸನವು ಅಲ್ಲಿಯ ಕೆರೆಯನ್ನು ಕಟ್ಟಲು 1000 ಆಳುಗಳೂ 100 ಬಂಡಿಗಳೂ 2 ವರ್ಷ ದುಡಿದುವೆಂದು ಲೆಕ್ಕ ಕೊಡುತ್ತದೆ. ಕಟ್ಟುವ ಲೆಕ್ಕಕ್ಕೆ ಕೊನೆಯುಂಟು. ಊರ ಬಂಡಿಗೆ ಅಂಥ ಕೊನೆ ಇರಲಿಲ್ಲವಾದ ಕಾರಣ ಅದಕ್ಕೆ ಶಾಶ್ವತವಾದ ಭೂಮಿಯನ್ನೇ ಬಿಡಬೇಕಾಯಿತು.

ಇಷ್ಟಾದರೂ ದತ್ತಿಯ ಬಂಡಿಯೊಂದರಿಂದಲೇ ಕೆರೆಯ ಹೂಳೆಲ್ಲ ಹೋಗುತ್ತಿತ್ತೆಂದು ನಂಬುವುದು ಕಷ್ಟ. ಹೂಳಿಗೆ ಬೆಲೆಯಿತ್ತು, ಆದುದರಿಂದ ಅದು ಮೇಲೆದ್ದಿತು. ಈ ಸೀಮೆಯವರು ಗೋಡು ಎಂದು ಕರೆಯುವ ಕೆರೆಯ ಮಣ್ಣು, ನೀರನ್ನು ಹಿಡಿದಿಡಲಾರದ ಕೆಂಪು ಮರಳುಮಣ್ಣಿನ ಹೊಲಗಳಿಗೂ, ಗುಬ್ಬಿಯ ಸುತ್ತಣ ಅಡಕೆ ತೆಂಗುಗಳ ತೋಟಗಳಿಗೂ ಅಮೃತಪ್ರಾಯವಾದ ಗೊಬ್ಬರ. 1800ರ ಸುಮಾರಿನಲ್ಲಿ ಈ ಮಾರ್ಗವಾಗಿ ಸಂಚರಿಸಿದ ಕಂಪನಿಯ ಸಮೀಕ್ಷಕ ಬುಕಾನನ್ ಗುಬ್ಬಿಯನ್ನು ದೊಡ್ಡ ವ್ಯಾಪಾರಸ್ಥಾನವಾಗಿ ಕಂಡನಷ್ಟೆ. ಆ ಪೇಟೆಗೆ ಬಂದ ಅಡಕೆ ಕೊಬ್ಬರಿಗಳ ಹಿಂದೆ ಕೆರೆಯಂಗಳದ ಮಣ್ಣಿನ ಪಾಲೂ ಇದ್ದಿರಬೇಕು. ಸುಗ್ಗಿ ಮುಗಿದು, ಎತ್ತುಗಳಿಗೆ ಬಿಡುವಾಗಿ, ಕೆರೆಯ ಮೈ ಬಿರಿದು ಬಾಯ್ದೆರೆದಾಗ, ಯುಗಾದಿಯ ಆಚೀಚೆಯಿಂದ ಮುಂಗಾರಿನ ಮೊದಲ ಹನಿಯವರೆಗೆ ಗೋಡು ಹೊಡೆಯುವ ಕಾಲ.

ಈ ಕೆಲಸದ ವಿವೇಕವನ್ನು ಪುಸ್ತಕದಲ್ಲಿ ಓದಿ ಕಲಿತವರಿಲ್ಲ. ಹಳ್ಳ ಬಂದು ಸೇರುವ ಕಡೆ ಮರಳು ನಿಲ್ಲುತ್ತದೆ, ನುಣ್ಣನೆಯ ಗೋಡು ಆಳದ ಕಡೆಗೆ ಹೋಗುತ್ತದೆ. ಆದರೆ ಆಳವೆಂದರೆ ಏರಿಯ ಮಗ್ಗುಲು. ಏರಿಯ ಬುಡವನ್ನು ಒತ್ತಿ ನಿಂತಿರುವ ಮಣ್ಣನ್ನು ಆಸೆಗೆ ಬಿದ್ದು ಅಗೆದರೆ ಮುಂದಿನ ಮಳೆಗೆ ಕಲ್ಲುಕಟ್ಟಣೆ ಜಾರಿ ಊರಿಗೇ ಅಪಾಯ ಬಂದೀತಾದಕಾರಣ, ಏರಿಯಿಂದ ಸಾಕಷ್ಟು ದೂರ ಬಿಟ್ಟೇ ಹಾರೆ ಹಾಕಬೇಕು. ತೂಬಿನ ಬಳಿ ಮೇಲ್ಪದರ ಒಣಗಿದಂತೆ ತೋರಿದರೂ ಒಳಗೆ ಕೆಸರಿರುತ್ತದೆ, ಬಂಡಿಯ ಅಚ್ಚು ಮುಳುಗುವವರೆಗೆ ಎತ್ತು ಹೂತುಹೋಗುವುದುಂಟು. ದಂಡೆಯನ್ನು ಅಡಿಯಿಂದ ಕೊರೆಯಬಾರದು, ಮೇಲಿನಿಂದ ಮೆಟ್ಟಿಲು ಮೆಟ್ಟಿಲಾಗಿ ಇಳಿಸಬೇಕು. ಇಲ್ಲವಾದರೆ ಗುದ್ದಲಿ ಹಿಡಿದವನ ಮೇಲೆಯೇ ಮಣ್ಣು ಕುಸಿಯುತ್ತದೆ. ಹೂಳಿನ ಕೆಳಗಿರುವ ಜಿಗಟುಪದರವನ್ನು ಸೀಳಿ ಮರಳಿನವರೆಗೆ ಹೋದರೆ ನೀರು ಇಂಗಿಹೋಗುತ್ತದೆ. ಕೊನೆಯಲ್ಲಿ ಗುಂಡಿಯ ಅಂಚನ್ನು ದನ ಇಳಿದು ಹತ್ತುವಂತೆ ಓರೆಮಾಡಿಯೇ ಬಿಡಬೇಕು.

ಗತಕಾಲದ ಗ್ರಾಮಜೀವನವನ್ನು ಹೊಗಳುವವರು ಇದೆಲ್ಲವನ್ನೂ ಸ್ವಯಂಪ್ರೇರಿತವಾದ ಸೇವೆಯೆಂದು ಚಿತ್ರಿಸುವುದು ನನಗೆ ಪೂರ್ತಿಯಾಗಿ ಒಪ್ಪಿಗೆಯಾಗದು. ತೋಟವಿದ್ದವನು ತನ್ನ ಲಾಭಕ್ಕೆ ಬಂಡಿ ಕಟ್ಟಿದನು; ತೋಟವಿಲ್ಲದವನು ಬಿಟ್ಟಿಯ ಕರೆಗೆ ಬಂದನು. ತೂಬನ್ನು ತೆರೆದು ಮುಚ್ಚಿ, ಸರದಿಯಂತೆ ಗದ್ದೆಗಳಿಗೆ ನೀರು ಹಂಚುತ್ತಿದ್ದ ನೀರಗಂಟಿಯು ಬಹುಮಟ್ಟಿಗೆ ಅಸ್ಪೃಶ್ಯನೆನಿಸಿಕೊಂಡ ಕುಲದವನು. ಆತನ ಕೈಯಿಂದ ಹಾದ ನೀರಿನಲ್ಲಿ ಬೆಳೆದ ಭತ್ತಕ್ಕೆ ಮೈಲಿಗೆಯಿಲ್ಲದಿದ್ದರೂ, ಊರ ಬಾವಿಗೆ ಆತನಿಂದ ಮೈಲಿಗೆಯಿತ್ತು. ಏರಿಯ ದೊಡ್ಡ ಕೆಲಸವೆಲ್ಲ ಮಣ್ಣುಕೆಲಸದ ಒಡ್ಡರ ಹೆಗಲಿನದು. ಊರೆಲ್ಲ ಸೇರಿ ದುಡಿಯಿತೆಂಬ ಮಾತು ಸುಳ್ಳಲ್ಲ, ಆದರೆ ಎಲ್ಲರೂ ಸಮನಾಗಿ ದುಡಿದರೆಂಬುದಕ್ಕೆ ಆಧಾರವಿಲ್ಲ.

ಸರಕಾರದ ಲೋಕೋಪಯೋಗಿ ಇಲಾಖೆಯು ಏರಿಯ ಉಸ್ತುವಾರಿಗೆ ಬಂದ ತರುವಾಯ ಈ ಹೊಣೆ ಯಾರದೆಂಬ ವಾದಕ್ಕೆ ಮೊದಲಾಯಿತು. ರೈತರನ್ನು ಮತ್ತೆ ಒಳಗೊಳ್ಳುವ ಉದ್ದೇಶದಿಂದ ಮೈಸೂರು ಸಂಸ್ಥಾನವು 1911ರಲ್ಲಿ ಕೆರೆ ಪಂಚಾಯಿತಿಗಳ ಕಾನೂನನ್ನು ಮಾಡಿತು. 1952ರ ಸಮುದಾಯ ಅಭಿವೃದ್ಧಿ ಯೋಜನೆಯೊಡನೆ ಶ್ರಮದಾನವೆಂಬ ಉತ್ಸಾಹದ ಗಾಳಿ ಬೀಸಿ, ಗಣ್ಯರು ಗುದ್ದಲಿ ಹಿಡಿದ ಭಾವಚಿತ್ರಗಳು ಪತ್ರಿಕೆಗಳಲ್ಲಿ ಬಂದುವು. ಮುಂದೆ ಮೂಟೆಯಲ್ಲಿ ಬರುವ ರಸಗೊಬ್ಬರ, ಕೊಳವೆಬಾವಿ, ಆಮೇಲೆ ಹೇಮಾವತಿಯ ನಾಲೆ, ಇವು ಒಂದೊಂದಾಗಿ ಬಂದು ಗೋಡಿನ ಬೆಲೆಯನ್ನೂ ಕೆರೆಯ ಮೇಲಣ ಅವಲಂಬನವನ್ನೂ ತಗ್ಗಿಸಿದುವು. 2002ರಲ್ಲಿ ವಿಶ್ವಬ್ಯಾಂಕಿನ ನೆರವಿನಿಂದ ಮೊದಲಾಗಿ, ತುಮಕೂರನ್ನೂ ಒಳಗೊಂಡಿದ್ದ ಜಲ ಸಂವರ್ಧನೆ ಯೋಜನೆಯು ಬಳಕೆದಾರರ ಸಂಘಗಳನ್ನು ಕಟ್ಟಿ ಹಳೆಯ ಹೊಣೆಯನ್ನು ಹೊಸ ಕಾಗದದ ಮೇಲೆ ಬರೆಯಿತು. ಈಗ ಹೂಳು ತೆಗೆಯುವುದು ಬಹುತೇಕ ಯಂತ್ರದ ಕೆಲಸ. ದಿನಗಳಲ್ಲಿ ಮುಗಿಯುವ ಆ ಅಗೆತದಲ್ಲಿ ಅಂಚನ್ನು ಓರೆಮಾಡುವಷ್ಟು ತಾಳ್ಮೆ ಎಲ್ಲ ಗುತ್ತಿಗೆದಾರರಿಗೂ ಇರುವುದಿಲ್ಲ. ಆದರೂ ಮಳೆ ಕೈಕೊಟ್ಟ ವರ್ಷ ಕೆರೆ ಬತ್ತಿತೆಂಬ ಸುದ್ದಿ ಹಬ್ಬಿದರೆ, ತೆಂಗಿನ ತೋಟದವರು ಟ್ರ್ಯಾಕ್ಟರು ಕಟ್ಟಿಕೊಂಡು ಗೋಡನ್ನು ಕೇಳುತ್ತ ಬರುತ್ತಾರೆ, ಒಂದು ಲೋಡಿಗೆ ಏನು ಕೊಡಬೇಕೆಂದು ಚೌಕಾಸಿ ಮಾಡುತ್ತಾರೆ.